ಅಚ್ಚಿನ ಮೇಲಿನ ಜಾಗ

ಬೆಟಗೇರಿಯ ಗುಲಾಬಬಿಗೆ ಈ ಲೋಕದಲ್ಲಿ ಯಾರ ಮೇಲೂ ಹಗೆ ಇರಲಿಲ್ಲ, ಬಸ್ಸು ಕಂಡುಹಿಡಿದವನೊಬ್ಬನನ್ನು ಬಿಟ್ಟು. ಅವನ ಮನೆ ಹಾಳಾಗಲಿ ಎಂದು ಆಕೆ ಮನಸಾರೆ ಶಪಿಸುತ್ತಿದ್ದಳು. ಬಸ್ಸಿನ ಹೊಗೆ ಮೂಗಿಗೆ ಬಡಿದರೆ ಸಾಕು, ಬಾಯಲ್ಲಿ ಹುಳಿನೀರು ಊರುತ್ತಿತ್ತು. ಗಾಡಿ ಗದಗ ದಾಟುವುದರೊಳಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಕಿಟಕಿಯ ಹೊರಗೆ. ಲಿಂಬೆಹಣ್ಣು ಮೂಸಿದ್ದಾಯಿತು, ಹುಣಸೆಹಣ್ಣು ಚೀಪಿದ್ದಾಯಿತು, ಲಕ್ಷ್ಮೇಶ್ವರದ ದರ್ಗಾದಿಂದ ತಾಯಿತ ತಂದು ಕಟ್ಟಿಕೊಂಡದ್ದೂ ಆಯಿತು. ಆ ತಾಯಿತ ತರಲು ಹೋದ ದಿನವೂ ಹಾದಿಯುದ್ದಕ್ಕೂ ವಾಂತಿ ಮಾಡಿಕೊಂಡೇ ಹೋಗಿದ್ದಳು.

ಹುಟ್ಟಿದ್ದು ಕಪ್ಪತಗುಡ್ಡದ ಮಗ್ಗುಲಿನ ಡೋಣಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಅಪ್ಪನ ಎತ್ತಿನ ಚಕ್ಕಡಿಯಲ್ಲಿ ಮುಂಡರಗಿ ಸಂತೆಗೆ ಹೋಗಿ ಬರುತ್ತಿದ್ದಾಗ ಎಂದೂ ಹೊಟ್ಟೆ ತೊಳಸಿದವಳಲ್ಲ. ಅಪ್ಪ ಮಗಳನ್ನು ಚಕ್ಕಡಿಯ ನಟ್ಟನಡುವೆ, ಗಾಲಿಗಳ ಅಚ್ಚಿನ ಮೇಲೆ ಬರುವ ಜಾಗದಲ್ಲಿ ಹೊಟ್ಟಿನ ಚೀಲ ಹಾಕಿ ಕೂಡಿಸುತ್ತಿದ್ದ. ತಗ್ಗು ದಿನ್ನೆ ಬಂದಾಗ ಮುಂದೆ ಕೂತವರೂ ಹಿಂದೆ ಕಾಲು ಇಳಿಬಿಟ್ಟವರೂ ಎಗರೆಗರಿ ಬೀಳುತ್ತಿದ್ದರು, ನಡುವೆ ಕೂತವಳು ಹಾಯಾಗಿ ಶೇಂಗಾ ತಿನ್ನುತ್ತಿದ್ದಳು. ಅದು ಯಾರೂ ಕಲಿಸಿಕೊಡುವ ವಿದ್ಯೆಯಲ್ಲ, ಚಕ್ಕಡಿ ಇದ್ದ ಮನೆಯವರಿಗೆಲ್ಲ ಗೊತ್ತಿದ್ದದ್ದೇ.

ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಮದುವೆಯಾಯಿತು. ಬೆಟಗೇರಿಯ ನಜೀರಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನದವನು. ಮನೆಯಲ್ಲಿ ಆಡುವುದೂ ಜಗಳವಾಡುವುದೂ ನಮ್ಮ ನಿಮ್ಮ ಹಾಗೆ ಕನ್ನಡದಲ್ಲೇ. ಮದುಮಕ್ಕಳನ್ನು ಬಸ್ಸಿನಲ್ಲಿ ಕರೆತಂದರೆ ದೊಡ್ಡಸ್ತಿಕೆ ಎಂದು ಅವನೇ ಹಟ ಹಿಡಿದಿದ್ದ. ಡಂಬಳ ದಾಟುತ್ತಲೇ ಹೊಸ ಮದಲಗಿತ್ತಿ ಅವನ ಹೊಸ ಕೋಟಿನ ಮೇಲೆ ವಾಂತಿ ಮಾಡಿಕೊಂಡಳು. ಬಸ್ಸಿಗೆ ಬಸ್ಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮದುಮಗನೂ ನಕ್ಕಿದ್ದರೆ ಕಥೆ ಅಲ್ಲಿಗೇ ಮುಗಿದು, ಮುಂದೆ ಮೊಮ್ಮಕ್ಕಳಿಗೆ ಹೇಳಿ ನಗಿಸುವ ಮಾತಾಗುತ್ತಿತ್ತು. ಅವನು ನಗಲಿಲ್ಲ. ಕೋಟು ಬಿಚ್ಚಿ, ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕೂತ.

ಅಂದಿನಿಂದ ಅದೇ ಪದ್ಧತಿಯಾಯಿತು. ಬಸ್ಸು ಹತ್ತಿದರೆ ಹೆಂಡತಿಗೆ ಡ್ರೈವರನ ಹಿಂದಿನ ಸೀಟು, ತನಗೆ ಕಟ್ಟಕಡೆಯದು. ಮುಂದೆ ಕೂತರೆ ಆಕೆಗೆ ಕುಲುಕು ಕಡಿಮೆ ಎಂದು ಮಂದಿಗೆ ಹೇಳುತ್ತಿದ್ದ. ಅದು ಸುಳ್ಳೂ ಅಲ್ಲ, ಮುಂದೆ ಕೂತರೆ ಒಂದಿಷ್ಟು ತಡೆದುಕೊಳ್ಳುತ್ತಿದ್ದಳು. ಆದರೆ ಒಮ್ಮೆ ಶಿರಹಟ್ಟಿ ಹಾದಿಯಲ್ಲಿ ಕಂಡಕ್ಟರ್ ಬೇಸತ್ತು, ಈ ಹೆಣ್ಣುಮಗಳ ಕಡೆಯವರು ಯಾರು ಎಂದು ಕೂಗಿ ಕೇಳಿದಾಗ ಹಿಂದಿನ ಸೀಟಿನಿಂದ ದನಿ ಬರಲಿಲ್ಲ. ತಿರುಗಿ ನೋಡಿದರೆ ನಜೀರಸಾಬ ಕಿಟಕಿಯಾಚೆಯ ಹೊಲ ನೋಡುತ್ತಿದ್ದ. ಗುಲಾಬಬಿ ಸೆರಗಿನಿಂದ ಬಾಯಿ ಒರೆಸಿಕೊಂಡು, ನಾನೊಬ್ಬಳೇ ಬಂದೇನಿ ಎಂದು ಕಂಡಕ್ಟರಿಗೆ ಹೇಳಿದಳು.

ಕೆಟ್ಟವನಲ್ಲ ಅವನು, ಅದೇ ಫಜೀತಿ. ಕುಡಿದವನಲ್ಲ, ಕೈ ಎತ್ತಿದವನಲ್ಲ. ನಾಲ್ಕು ಮಂದಿಯ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆ ಎಂಬುದೊಂದೇ ಅವನ ಚಟ. ಗದಗಿನ ಪೇಟೆಯಲ್ಲಿ ಅಂಗಡಿ ಹಾಕಿ, ಕೈ ಕೆಳಗೆ ಆಳು ಇಟ್ಟರೂ ಜನ ಅವನನ್ನು 'ಗಾದಿ ನಜೀರ' ಎನ್ನುವುದು ಬಿಡಲಿಲ್ಲ. ಅರಳೆ ವ್ಯಾಪಾರದ ಮಾಶಾಕ ಸೇಟನಂತೂ ಮಸೀದಿಯ ಮೆಟ್ಟಿಲ ಮೇಲೆ, ಹತ್ತಾರು ಜನರ ಎದುರಿಗೇ ಹಾಗೆ ಕರೆಯುತ್ತಿದ್ದ. ಆ ಹೆಸರು ಅಳಿಸಿ ಹೋಗಬೇಕಾದರೆ ಅದರ ಮೇಲೆ ಇನ್ನೊಂದು ಹೆಸರು ಕೂರಬೇಕು, ಹಾಜಿಸಾಹೇಬ ಎನ್ನಿಸಿಕೊಳ್ಳಬೇಕು ಎಂದು ನಜೀರಸಾಬ ವರ್ಷಗಟ್ಟಲೆ ಒಳಗೊಳಗೇ ಕುದ್ದ.

ಗುಲಾಬಬಿಗೂ ಹಜ್ಜಿನ ಆಸೆ ಇತ್ತು, ಅದರ ಬೇರು ಬೇರೆ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಆಕೆಯ ಅವ್ವ ಡೋಣಿಯಲ್ಲಿ ಹೋಗಿಬಿಟ್ಟಳು. ಖಬರು ಬಂದೊಡನೆ ಬಸ್ಸು ಹತ್ತಿದ ಮಗಳು ಅರ್ಧ ಹಾದಿಗೇ ಕಣ್ಣು ಕತ್ತಲೆಗಟ್ಟಿ ಇಳಿದು, ಬೇವಿನ ಮರದ ಕೆಳಗೆ ಬಿದ್ದುಕೊಂಡಳು. ಚೇತರಿಸಿಕೊಂಡು ನಡೆಯುತ್ತ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹೆತ್ತವಳ ಮುಖ ಕಡೆಗೊಮ್ಮೆ ಸಿಗಲಿಲ್ಲ. ಮಕ್ಕಾದ ಬಳಿಯ ಅರಫಾತಿನ ಬಯಲಿನಲ್ಲಿ ನಿಂತು ಬೇಡಿದ್ದನ್ನು ಅಲ್ಲಾಹು ತಳ್ಳಿಹಾಕುವುದಿಲ್ಲ ಎಂದು ಊರಿನ ಹಿರಿಯರು ಹೇಳುವುದನ್ನು ಆಕೆ ಕೇಳಿದ್ದಳು. ಅಲ್ಲಿ ಒಂದು ಸಲ ನಿಂತು ಅವ್ವನಿಗಾಗಿ ಕೈಯೆತ್ತಬೇಕು, ನನ್ನನ್ನು ಕ್ಷಮಿಸು ಎನ್ನಬೇಕು, ಅಷ್ಟಾದರೆ ಸಾಕು ಎಂದು ಆಕೆಯ ಜೀವ ಹಂಬಲಿಸುತ್ತಿತ್ತು.

ಎಂಬತ್ತಮೂರರಲ್ಲಿ ಹಜ್ಜಿನ ಪಟ್ಟಿಯಲ್ಲಿ ಇಬ್ಬರ ಹೆಸರೂ ಬಂತು. ಹಡಗಿನಲ್ಲಿ, ಅದೂ ಆ ವರ್ಷದ ಕೊನೆಯ ಹಡಗಿನಲ್ಲಿ. ಹಜ್ಜಿನ ತಿಂಗಳು ಆ ವರ್ಷ ಮಳೆಗಾಲದ ಬಾಲಕ್ಕೆ ಬಿದ್ದಿತ್ತು, ಸಮುದ್ರ ಇನ್ನೂ ತಣ್ಣಗಾಗಿರಲಿಲ್ಲ. ಬಸ್ಸಿಗೇ ಸಾಯುವವಳು ಹಡಗಿನಲ್ಲಿ ಏನಾಗುತ್ತಾಳೋ ಎಂದು ಓಣಿಯ ಹೆಂಗಸರು ಹಲುಬಿದರು. ಗುಲಾಬಬಿ ಮಾತ್ರ ಇಬ್ಬರು ಹೆಣ್ಣುಮಕ್ಕಳನ್ನು ಅತ್ತೆಯ ಮಡಿಲಿಗೆ ಹಾಕಿ, ಗಟ್ಟಿ ಮನಸ್ಸಿನಿಂದ ರೈಲು ಹತ್ತಿದಳು.

ಮುಂಬಯಿಯ ಮುಸಾಫಿರಖಾನೆಯಲ್ಲಿ ಹೊನ್ನಾವರ ಕಡೆಯ ಅಲ್ಮಾಸಬಿ ಎಂಬ ಹೆಂಗಸು ಪಕ್ಕಕ್ಕೆ ಚಾಪೆ ಹಾಸಿದಳು. ತಮ್ಮನ ಸಂಗಡ ಹಜ್ಜಿಗೆ ಹೊರಟವಳು, ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದವಳು. ಗುಲಾಬಬಿಯ ಭಯ ಕೇಳಿ, ನಿಮಗೆ ಹಡಗಿನಲ್ಲಿ ಜಾಗ ಎಲ್ಲಿ ಸಿಕ್ಕಿದೆ ಎಂದು ಮೊದಲು ವಿಚಾರಿಸಿದಳು. ಕೆಳಗಿನ ದೊಡ್ಡ ಕೋಣೆಯಲ್ಲಿ, ಕಬ್ಬಿಣದ ಮಂಚಗಳ ಸಾಲಿನಲ್ಲಿ, ಹಡಗಿನ ಸರಿ ನಡುವೆ. ಅಲ್ಮಾಸಬಿಯ ಜಾಗವೂ ಅದರ ಹತ್ತಿರವೇ. ಹಾಗಾದರೆ ನೀವು ಗೆದ್ದಿರಿ ಎಂದಳು ಆಕೆ. ಅಲೆ ಬಂದಾಗ ಹಡಗಿನ ಮೂತಿ ಏಳುತ್ತದೆ, ಬಾಲ ಬೀಳುತ್ತದೆ, ನಡುವಿನ ಜಾಗಕ್ಕೆ ಅಷ್ಟು ತ್ರಾಸಿಲ್ಲ. ಮೇಲೆ ಹೋದಷ್ಟೂ ಓಲಾಟ ಹೆಚ್ಚು, ಕೆಳಗೆ ಇದ್ದಷ್ಟೂ ಕಡಿಮೆ. ಗುಲಾಬಬಿಗೆ ತಟ್ಟನೆ ಅಪ್ಪನ ಚಕ್ಕಡಿ ಕಣ್ಣ ಮುಂದೆ ಬಂತು. ಅಚ್ಚಿನ ಮೇಲಿನ ಜಾಗವೇ ತನಗೆ ಸಿಕ್ಕಿದೆ, ಅಲ್ಲಾಹು ದೊಡ್ಡವನು ಎಂದು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಉಂಡ ಅನ್ನ ಅರಗುವುದರೊಳಗೆ ನಜೀರಸಾಬ ನಗುಮುಖದಿಂದ ಬಂದ. ಅದೇ ಹಡಗಿಗೆ ಮಾಶಾಕ ಸೇಟನೂ ಹೊರಟಿದ್ದ. ಸೇಟನ ತಮ್ಮನಿಗೆ ಕಾಮಾಲೆಯಾಗಿ ಅವನೂ ಅವನ ಹೆಂಡತಿಯೂ ಊರಲ್ಲೇ ಉಳಿದಿದ್ದರಿಂದ, ಸೇಟನ ಖೋಲಿಯ ಮಗ್ಗುಲಲ್ಲೇ ಇದ್ದ ಇಬ್ಬರ ಖೋಲಿ ಖಾಲಿ ಬಿದ್ದಿತ್ತು. ಹಡಗಿನ ಮೇಲಂತಸ್ತು, ತೀರ ಮುಂದಿನ ತುದಿ, ಕಿಟಕಿ ತೆರೆದರೆ ಸಮುದ್ರ. ಪರದೇಶದಲ್ಲಿ ಊರಿನವನು ಮಗ್ಗುಲಿಗಿದ್ದರೆ ಕೈಗೆ ಕಾಲಿಗೆ ಆಗುತ್ತಾನೆಂದು ಸೇಟ ಅದನ್ನು ನಜೀರಸಾಬನಿಗೆ ಕೊಡಿಸಿದ್ದ. ಸೇಟನ ಲೆಕ್ಕಾಚಾರ ಅದು. ಗಾದಿ ನಜೀರನ ಕಿವಿಗೆ ಬಿದ್ದದ್ದು ಮಾತ್ರ, ಸೇಟ ತನ್ನನ್ನು ಹತ್ತಿರ ಕರೆದ ಎಂಬುದಷ್ಟೇ. ಹೋಗಿ ಖೋಲಿಯನ್ನು ತಮ್ಮ ಹೆಸರಿಗೆ ಬರೆಸಿಯೂ ಬಂದಿದ್ದ.

ಗುಲಾಬಬಿ ಅಲ್ಮಾಸಬಿ ಹೇಳಿದ್ದನ್ನೆಲ್ಲ ಹೇಳಿದಳು. ಚಕ್ಕಡಿಯ ಮಾತು ತೆಗೆದಳು. ಹಿಂದೆಂದೂ ಗಂಡನೆದುರು ಅಷ್ಟೊಂದು ಮಾತಾಡಿದವಳಲ್ಲ. ಅವನು ಎಲ್ಲ ಕೇಳಿ ನಕ್ಕುಬಿಟ್ಟ.

"ಬಸ್ಸಿನಾಗ ಮುಂದ ಕುಂತ್ರ ನಿನಗ ಆರಾಮ ಅನಸ್ತೈತಿ, ಹೌದಲ್ಲೊ? ಹಡಗಂದ್ರ ಏನ, ನೀರಾಗಿನ ಬಸ್ಸು. ಮುಂದಿನ ಜಾಗಾ ಸಿಕ್ಕೈತಿ, ಗಾಳಿ ಬರತೈತಿ, ಸುಮ್ಕ ಇರು."

ಬಸ್ಸಿನಲ್ಲಿ ಮುಂದೆ ಕೂತರೆ ಹಗುರವಾಗುವುದು ಖರೆಯೇ ಇತ್ತಲ್ಲ. ಗದಗಿನಿಂದ ಮುಂಡರಗಿತನಕ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ, ವಾಂತಿಯವರನ್ನು ಮುಂದೆ ಕೂಡಿಸ್ರಿ ಅಂತ. ಸಮುದ್ರ ಕಾಣದ ಸೀಮೆಯ ಜನ, ಬಸ್ಸಿನ ಬುದ್ಧಿಯನ್ನೇ ಕಟ್ಟಿಕೊಂಡು ಹಡಗು ಹತ್ತಿದರು. ಆದರೂ ಏಣಿ ಹತ್ತುವಾಗ ಗುಲಾಬಬಿಗೆ ಒಂದು ಅನುಮಾನ ಬಿಡಲಿಲ್ಲ. ಇವನಿಗೆ ಬಸ್ಸಿನ ಮಾತು ನೆನಪಾದದ್ದು ಖೋಲಿಗೆ ಹೂಂ ಎಂದು ಬರುವ ಮೊದಲೋ, ಆಮೇಲೋ.

ದಂಡೆ ಕಣ್ಣಿಗೆ ಮರೆಯಾದ ಮೇಲೆ ಸಮುದ್ರ ತನ್ನ ಗುಣ ತೋರಿಸಿತು. ಆ ಮುಂದಿನ ಖೋಲಿ ಮುಗಿಲಿಗೆ ಏರುವುದು, ಏರಿ ಒಂದು ಗಳಿಗೆ ನಿಲ್ಲುವುದು, ಹೊಟ್ಟೆಯನ್ನು ಮೇಲೆಯೇ ಬಿಟ್ಟು ದಡಕ್ಕನೆ ಕೆಳಗಿಳಿಯುವುದು. ಅದರ ಸಂಗಡ ಎಡಕ್ಕೂ ಬಲಕ್ಕೂ ತೊನೆದಾಟ. ಗುಲಾಬಬಿ ಮಂಚದ ಸರಳು ಹಿಡಿದು ಕಾರಿದಳು. ಅನ್ನ ಹೋಯಿತು, ನೀರು ಹೋಯಿತು, ಹಸಿರು ಪಿತ್ತ ಬಂತು, ಕಡೆಗೆ ಬರೀ ನೋವೇ ಬಂತು. ಹಡಗಿನ ಡಾಕ್ಟರ್ ಕೊಟ್ಟ ಗುಳಿಗೆ ನುಂಗಿದಷ್ಟೇ ಬೇಗ ಹೊರಗೆ ಬಿತ್ತು. ಎಲ್ಲಕ್ಕಿಂತ ಆಕೆಗೆ ಸಂಕಟವಾದದ್ದು ನಮಾಜು ತಪ್ಪುತ್ತಿದ್ದುದು. ಅಲ್ಲಾಹುವಿನ ಮನೆಗೆ ಹೊರಟವಳು ಹೊಲಸು ಬಟ್ಟೆಯಲ್ಲಿ ಬಿದ್ದಿದ್ದೇನೆ ಎಂದು ಅತ್ತಳು, ಅಳುವುದಕ್ಕೂ ಕಣ್ಣಲ್ಲಿ ನೀರು ಉಳಿದಿರಲಿಲ್ಲ.

ಮರುದಿನ ಅಲ್ಮಾಸಬಿ ಹುಡುಕುತ್ತ ಮೇಲೆ ಬಂದಳು. ಗುಲಾಬಬಿಯ ಸ್ಥಿತಿ ನೋಡಿ ಹಣೆ ಬಡಿದುಕೊಂಡಳು. ಕೆಳಗೆ ಇವರಿಬ್ಬರ ಮಂಚಗಳು ಇನ್ನೂ ಖಾಲಿಯೇ ಇವೆ, ಈಗಿಂದೀಗಲೇ ಇಳಿಸಿಕೊಂಡು ಬನ್ನಿ, ನಾನು ನೋಡಿಕೊಳ್ಳುತ್ತೇನೆ ಎಂದು ನಜೀರಸಾಬನಿಗೆ ಹೇಳಿ ಹಾದಿ ಕಾಯುತ್ತ ಬಾಗಿಲಲ್ಲಿ ನಿಂತಳು. ಗುಲಾಬಬಿ ಗಂಡನ ಕೈ ಹಿಡಿದುಕೊಂಡಳು.

"ನನ್ನ ಕೆಳಗ ಒಯ್ಯಿರಿ. ನಿಮ್ಮ ಕಾಲು ಬೀಳ್ತೀನಿ. ಇಲ್ಲಿದ್ರ ನಾ ಅರಫಾತ್ ಮುಟ್ಟಂಗಿಲ್ಲ."

ನಜೀರಸಾಬ ಗೋಡೆಯ ಕಡೆ ನೋಡಿದ. ಗೋಡೆಯಾಚೆ ಸೇಟ ಕೆಮ್ಮುತ್ತಿದ್ದ. "ಅವರಾಗಿ ಕರದು ಕೊಡಿಸಿದ ಖೋಲಿ ಐತಿ," ಎಂದು ದನಿ ತಗ್ಗಿಸಿ ಹೇಳಿದ. "ಬಿಟ್ಟು ಕೆಳಗಿನ ಗದ್ದಲದಾಗ ಹೋಗಿ ಬಿದ್ರ ನಾಳೆ ಅವರ ಮಾರಿ ಹ್ಯಾಂಗ ನೋಡ್ಲಿ? ಇನ್ನೊಂದೆರಡ ದಿನ ತಡಕೋ. ರೂಢಿ ಆಗತೈತಿ."

ಅಲ್ಮಾಸಬಿ ಅವನನ್ನು ಕಾಲಿಂದ ತಲೆಯವರೆಗೆ ಒಮ್ಮೆ ನೋಡಿ ಹೊರಟುಹೋದಳು. ಪರರ ಹೆಂಡತಿಯ ವಿಷಯ, ಅಲ್ಮಾಸಬಿ ತಾನೇ ಏನು ಮಾಡಿಯಾಳು. ಗುಲಾಬಬಿ ಸುಮ್ಮನಿರಲಿಲ್ಲ. ಗಂಡ ನಮಾಜಿಗೆ ಹೋದಾಗ ತಾನೇ ಎದ್ದು, ಗೋಡೆ ಹಿಡಿದು, ತೆವಳುತ್ತ ಇಳಿಯುವ ಮೆಟ್ಟಿಲ ತನಕ ಹೋದಳು. ಅಲ್ಲೇ ಎಚ್ಚರ ತಪ್ಪಿತು. ಖಲಾಸಿಗಳು ಎತ್ತಿಕೊಂಡು, ಈಕೆ ಯಾವ ಖೋಲಿಯವಳು ಎಂದು ಕೇಳಿದಾಗ ನಮಾಜು ಮುಗಿಸಿ ಬಂದಿದ್ದ ನಜೀರಸಾಬ ತಡಮಾಡದೆ, ನಮ್ಮಾಕಿ, ಮ್ಯಾಲಿನ ಖೋಲ್ಯಾಕಿ ಎಂದ. ಸೇಟ ಪಕ್ಕದಲ್ಲೇ ನಿಂತಿದ್ದ.

ಇಹ್ರಾಮ್ ಎಂಬ ಯಾತ್ರೆಯ ನೇಮ ತೊಡುವ ಸೀಮೆ ಬಂದಾಗ ಹಡಗಿನ ತುಂಬ ಜನ ಸ್ನಾನ ಮಾಡಿ, ಒಂದೇ ದನಿಯಲ್ಲಿ ದೇವರನ್ನು ಕೂಗಿ, ಹಜ್ಜಿನ ಸಂಕಲ್ಪ ಮಾಡಿದರು. ಗುಲಾಬಬಿ ಮಲಗಿದಲ್ಲೇ ತುಟಿ ಅಲುಗಿಸಿ ಸಂಕಲ್ಪ ಮಾಡಿದಳು. ಜಿದ್ದಾ ಬಂದರಿನಲ್ಲಿ ಎಲ್ಲರೂ ಏಣಿ ಇಳಿದರು, ಆಕೆಯನ್ನು ಜೋಳಿಗೆಯಂಥ ಮಂಚದಲ್ಲಿ ಹೊತ್ತು ಇಳಿಸಿ ನೇರ ದವಾಖಾನೆಗೆ ಒಯ್ದರು. ಮೈಯಲ್ಲಿ ನೀರೇ ಇಲ್ಲ, ಮೂತ್ರಪಿಂಡ ಸೋತಿದೆ ಎಂದು ಸಲಾಯಿನ್ ಹಚ್ಚಿದರು. ಹಜ್ಜಿಗೆ ಕೆಲವೇ ದಿನ ಉಳಿದಿದ್ದವು. ನಜೀರಸಾಬ ಒಂದು ರಾತ್ರಿ ಕಾಲದೆಸೆಯಲ್ಲಿ ಕೂತ. ಮರುದಿನ ಸೇಟ ಬಾಡಿಗೆಗೆ ಹಿಡಿದ ಗಾಡಿ ಮಕ್ಕಾಕ್ಕೆ ಹೊರಟಿತು. ಅರಫಾತಿನ ದಿನದೊಳಗೆ ಬಂದು ಕರೆದೊಯ್ಯುತ್ತೇನೆ ಎಂದು ಆಕೆಯ ತಲೆಯ ಮೇಲೆ ಕೈಯಿಟ್ಟು ಹೇಳಿ ನಜೀರಸಾಬನೂ ಹತ್ತಿಕೊಂಡು ಹೋದ.

ಇಲ್ಲಿ ಒಂದು ಮಾತು ತಿಳಿದಿರಬೇಕು. ಹಜ್ಜಿನಲ್ಲಿ ಏನು ತಪ್ಪಿದರೂ ಒಂದಲ್ಲ ಒಂದು ಪರಿಹಾರವುಂಟು, ಹಜ್ಜಿನ ತಿಂಗಳ ಒಂಬತ್ತರಂದು ಅರಫಾತಿನ ಬಯಲು ತಪ್ಪಿದರೆ ಹಜ್ಜೇ ತಪ್ಪಿತು. ನಿಲ್ಲಲು ಶಕ್ತಿಯಿಲ್ಲದಿದ್ದರೆ ಕೂಡಬಹುದು, ಕೂಡಲಾಗದಿದ್ದರೆ ಮಲಗಬಹುದು. ಆ ಬಯಲಿನ ಮೇಲೆ ಇರಬೇಕು, ಅಷ್ಟೇ.

ತಿಂಗಳ ಎಂಟನೆಯ ದಿನದ ಹೊತ್ತಿಗೆ ಗುಲಾಬಬಿ ಎದ್ದು ಕೂತು ಗಂಜಿ ಕುಡಿದಳು. ಕೇರಳದ ನರ್ಸೊಬ್ಬಳು ಡಾಕ್ಟರನ್ನು ಕೇಳಿ ಬಂದು, ಮನೆಯವರು ಬಂದರೆ ಗಾಡಿಯಲ್ಲಿ ಮಲಗಿಸಿಕೊಂಡು ಹೋಗಬಹುದು ಎಂದು ಹರಕು ಹಿಂದಿಯಲ್ಲಿ ತಿಳಿಸಿದಳು. ಒಂಟಿ ಹೆಂಗಸನ್ನು ಹಾಗೇ ಹೊರಗೆ ಬಿಡುವಂತಿಲ್ಲ, ಗಂಡನೇ ಬರಬೇಕು. ಒಂಬತ್ತರ ಬೆಳಿಗ್ಗೆ ಗುಲಾಬಬಿ ಮೈ ತೊಳೆದುಕೊಂಡು, ಗಂಟು ಕಟ್ಟಿ, ಬಾಗಿಲಿಗೆ ಮುಖ ಮಾಡಿ ಕೂತಳು. ಹೆಜ್ಜೆ ಸಪ್ಪಳವಾದಾಗೊಮ್ಮೆ ಎದ್ದು ನಿಂತಳು. ನರ್ಸು ಊಟ ತಂದರೆ, ಬ್ಯಾಡವ್ವ, ಹಾದ್ಯಾಗ ವಾಂತಿ ಆದೀತು ಎಂದು ಕನ್ನಡದಲ್ಲೇ ಹೇಳಿದಳು. ಬಿಸಿಲು ಗೋಡೆ ಹತ್ತಿತು, ಗೋಡೆಯಿಂದ ಮಾಯವಾಯಿತು. ಆ ರಾತ್ರಿ ಬೆಳಗಾಗುವ ತನಕವೂ ಅವಕಾಶವಿತ್ತು, ಯಾರೂ ಬರಲಿಲ್ಲ. ಆಕೆ ಗಂಟು ಬಿಚ್ಚಲೂ ಇಲ್ಲ, ಮಲಗಲೂ ಇಲ್ಲ.

ಬಕ್ರೀದ್ ಕಳೆದು ಎರಡು ದಿನಕ್ಕೆ ನಜೀರಸಾಬ ಬಂದ. ತಲೆ ನುಣ್ಣಗೆ ಬೋಳಾಗಿತ್ತು, ಹಜ್ ಮುಗಿಸಿದವರ ಗುರುತು ಅದು. ಯಾಕ ಬರಲಿಲ್ಲ ಎಂದು ಆಕೆ ಒಂದೇ ಮಾತು ಕೇಳಿದಳು. ಅವನು ತಲೆ ಸವರಿಕೊಂಡ.

"ಸೇಟರ ಗಾಡಿ ಇತ್ತು. ನೀ ಅದರಾಗ ಮತ್ತ ವಾಂತಿ ಮಾಡ್ಕೊಂಡಿದ್ರ?"

ಗುಲಾಬಬಿ ಆ ಮನುಷ್ಯನನ್ನು ನೋಡಿದಳು. ಹದಿಮೂರು ವರ್ಷ ಉಣ್ಣಲು ಬಡಿಸಿದ ಮುಖವನ್ನು ಅಂದೇ ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು. ತೊಟ್ಟ ಇಹ್ರಾಮಿನ ನೇಮ ಬಿಡಿಸಲು ಅವನು ಆಕೆಯನ್ನು ಮಕ್ಕಾಕ್ಕೆ ಕರೆದೊಯ್ದು ಉಮ್ರಾ ಎಂಬ ಚಿಕ್ಕ ಯಾತ್ರೆ ಮಾಡಿಸಿದ. ಕಾಬಾ ಕಣ್ಣಿಗೆ ಬಿತ್ತು, ಆಕೆ ಬಿಕ್ಕಿ ಬಿಕ್ಕಿ ಅತ್ತಳು. ಅಲ್ಲಿದ್ದ ಮೌಲ್ವಿಯೊಬ್ಬರು, ಇದು ಹಜ್ಜಲ್ಲ ತಾಯಿ, ಹಜ್ ನಿನ್ನ ತಲೆಯ ಮೇಲೆ ಉಳಿದಿದೆ, ಶಕ್ತಿಯಿದ್ದರೆ ಮತ್ತೆ ಬರಬೇಕು ಎಂದರು. ಮುಂದ ನೋಡೋಣ ಎಂದ ನಜೀರಸಾಬ. ಊರಾಗ ಮಾತ್ರ ಬಾಯಿ ಬಿಡಬ್ಯಾಡ, ಹೆಂಡ್ತೀನ ದವಾಖಾನ್ಯಾಗ ಬಿಟ್ಟು ಹಜ್ ಮಾಡಿ ಬಂದ ಅಂತ ಮಂದಿ ನನ್ನ ಮಾರಿಗೆ ಉಗುಳ್ತಾರ ಎಂದ.

ತಿರುಗಿ ಬರುವಾಗ ಖೋಲಿ ಇರಲಿಲ್ಲ. ಸೇಟ ವಿಮಾನ ಹತ್ತಿದ್ದ. ಕೆಳಗಿನ ಕೋಣೆಯಲ್ಲಿ, ನಡುವಿನ ಸಾಲಿನಲ್ಲಿ ಗುಲಾಬಬಿ ಒಮ್ಮೆಯೂ ವಾಂತಿ ಮಾಡದೆ ಮುಂಬಯಿ ಮುಟ್ಟಿದಳು. ಸಮುದ್ರ ಶಾಂತ ಇತ್ತು ಎಂದ ಗಂಡ. ಇದ್ದರೂ ಇರಬಹುದು.

ಗದಗ ಸ್ಟೇಶನ್ನಿನಲ್ಲಿ ಮಾಲೆಯ ಮೇಲೆ ಮಾಲೆ ಬಿದ್ದವು. ಗಾದಿ ನಜೀರ ಅಲ್ಲೇ ಸತ್ತು, ಹಾಜಿಸಾಹೇಬ ಹುಟ್ಟಿದ. ಗುಲಾಬಬಿ ಹಾಜಿಮಾ ಆದಳು. ಹೆಂಗಸರು ಕೈಗೆ ಮುತ್ತಿಟ್ಟರು, ಬಾಣಂತಿಯರು ಕೂಸುಗಳನ್ನು ತಂದು ಮಡಿಲಿಗೆ ಹಾಕಿದರು, ಮದುವೆಗಳಲ್ಲಿ ಮೊದಲ ಮರ್ಯಾದೆ ಆಕೆಗೇ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ, ನುಂಗುವಂತಿಲ್ಲ ಉಗುಳುವಂತಿಲ್ಲ. ಅರಫಾತಿನ ಸುದ್ದಿ ಕೇಳಿದವರಿಗೆ ನಜೀರಸಾಬನೇ ಇಬ್ಬರ ಪರವಾಗಿಯೂ ಹೇಳಿಬಿಡುತ್ತಿದ್ದ. ನಾವು ಅಲ್ಲಿ ನಿಂತೆವು, ನಾವು ಹೀಗೆ ಬೇಡಿದೆವು. ಹೇಳಿ ಹೇಳಿ ಅವನಿಗೇ ಅದು ನಿಜವಾಗಿ ಹೋಯಿತು. ಮತ್ತೆ ಹೋಗುವ ಮಾತು ಆಕೆ ತೆಗೆದಾಗಲೆಲ್ಲ ಒಮ್ಮೆ ಮಗಳ ಮದುವೆ ಅಡ್ಡ ಬಂತು, ಒಮ್ಮೆ ಅಂಗಡಿಗೆ ಅಟ್ಟ ಕಟ್ಟಿಸುವ ಖರ್ಚು. ಕಡೆಗೊಂದು ದಿನ, ಹಾಜಿಮಾ ಎರಡನೇ ಸಲ ಯಾಕ ಹೊಂಟಳು ಅಂತ ಮಂದಿ ಕೇಳಿದ್ರ ಏನ ಹೇಳ್ಲಿ ಎಂದು ಅವನೇ ಗದರಿದ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಎಂಬತ್ತೆಂಟರಲ್ಲಿ ಓಣಿಯ ಫಕೀರಬಿ ಹಜ್ಜಿಗೆ ಹೊರಟಳು. ಹೋಗುವ ಮುನ್ನ ಹಾಜಿಮಾನ ದುವಾ ಪಡೆಯಲು ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಪಡಸಾಲೆ ತುಂಬಿತು. ಬಾಗಿಲ ಬಳಿಯ ಕುರ್ಚಿಯಲ್ಲಿ ಹಾಜಿಸಾಹೇಬ. ಫಕೀರಬಿ ಗುಲಾಬಬಿಯ ಮೊಳಕಾಲ ಹತ್ತಿರ ಕೂತು, ಅರಫಾತಿನಾಗ ನೀವು ಮೊದಲ ಏನ ಬೇಡಿಕೊಂಡ್ರಿ ಹೇಳ್ರಿ, ನಾನೂ ಅದನ್ನ ಬೇಡ್ತೀನಿ ಎಂದಳು. ನಜೀರಸಾಬ ಗಂಟಲು ಸರಿಮಾಡಿಕೊಂಡು ಶುರು ಮಾಡುವುದರೊಳಗೆ ಗುಲಾಬಬಿ ಬಾಯಿ ತೆರೆದಳು. ಐದು ವರ್ಷ ಕಟ್ಟಿಟ್ಟದ್ದು ಹೊರಗೆ ಬಂತು.

"ನಾ ಅರಫಾತ್ ನೋಡೇ ಇಲ್ಲವ್ವ. ದವಾಖಾನ್ಯಾಗ ಬಾಗಲ ನೋಡ್ಕೋತ ಕುಂತಿದ್ದೆ. ಇವರು ಕರಕೊಂಡು ಹೋಗಾಕ ಬರಲಿಲ್ಲ. ನಂದು ಹಜ್ ಆಗಿಲ್ಲ."

ಗುಲಾಬಬಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಈಗ ಉಗಿಯಲಿ, ಬೈಯಲಿ, ಹಾಜಿಮಾ ಎಂಬ ಹೆಸರು ಕಿತ್ತುಕೊಳ್ಳಲಿ. ಎಲ್ಲರೂ ಕುರ್ಚಿಯ ಕಡೆ ತಿರುಗಿದರು. ನಜೀರಸಾಬನ ಮುಖ ಒಂದು ಗಳಿಗೆ ಬೂದಿಯಾಯಿತು. ಆಮೇಲೆ ಅವನು ಮೆಲ್ಲಗೆ ನಕ್ಕು, ಕಣ್ಣು ಒರೆಸಿಕೊಂಡ.

"ಆಕಿ ಹಂಗ, ಅವ್ವ. ಆ ಬಯಲಾಗ ಅತ್ತು ಅತ್ತು ಆಕಿಗೆ ಏನೂ ಕಾಣಲೇ ಇಲ್ಲ. ನನ್ನ ಹಜ್ ಕಬೂಲಾತೋ ಇಲ್ಲೋ, ಆಗೇ ಇಲ್ಲೋ ಅಂತ ಇವತ್ತಿಗೂ ಮನ್ಯಾಗ ಕೊರಗ್ತಾಳ."

ಫಕೀರಬಿಯ ಕಣ್ಣಲ್ಲಿ ನೀರು ಬಂತು. ಮಾಡಿಯೂ ಮಾಡಿಲ್ಲ ಅನ್ನುವವರದೇ ಖರೆ ಹಜ್ ಎಂದು ಮುದುಕಿಯೊಬ್ಬಳು ಹಿಂದಿನಿಂದ ಹೇಳಿದಳು. ಗುಲಾಬಬಿ ಇಲ್ಲವ್ವ, ಇಲ್ಲ, ಖರೇನ ಆಗಿಲ್ಲ ಎಂದು ಮತ್ತೊಮ್ಮೆ ಹೇಳಿದಳು. ಹೇಳಿದಷ್ಟೂ ಅವರು ಹೆಚ್ಚು ಅತ್ತರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಬಂದು, ಸಾಲಾಗಿ ಆಕೆಯ ಕೈಗೆ ಮುತ್ತಿಟ್ಟು ಹೋದರು.